ಹಿಡಿಗೆ ಕಟ್ಟಿದ ಚಪ್ಪಲಿ

ಮುನಿಶಾಮಿಯ ಬಲಗೈ ಮೊಣಕೈಯಿಂದ ಮುಂದಕ್ಕೆ ಈಗ ತನ್ನದೇ ದಾರಿ ಹಿಡಿದಿದೆ. ಎದುರಿಗಿದ್ದವರಿಗೆ ನಮಸ್ಕಾರ ಮಾಡಿದರೆ ಅದು ಪಕ್ಕದವರಿಗೆ ಸಲ್ಲುತ್ತದೆ. ಹಲಸೂರಿನ ಟೀ ಅಂಗಡಿಯಲ್ಲಿ ಹೊಸಬರು ಯಾರಾದರೂ "ಏನ್ರೀ ಆಯ್ತು ಕೈಗೆ?" ಎಂದು ಕೇಳಿದರೆ, ಅವನು ಗ್ಲಾಸನ್ನು ಎಡಗೈಯಲ್ಲಿ ಎತ್ತಿಕೊಂಡು, "ಕಾಯ್ದೆ ಮುರೀತು" ಎನ್ನುತ್ತಾನೆ. ಜನ ಕಾಯ್ದೆ ಮುರಿಯುವುದನ್ನು ಮಾತ್ರ ಕಂಡಿದ್ದ ಆ ಹೊಸಬರು, ಕಾಯ್ದೆಯೇ ಜನರನ್ನು ಮುರಿದ ಸುದ್ದಿ ಕೇಳಲು ಇನ್ನೊಂದು ಟೀ ಹೇಳುತ್ತಾರೆ. ನಿಜವಾಗಿ ಕೈ ಮುರಿದದ್ದು ಐಸ್ ಒಡೆಯುವ ಮರದ ಕೊಡತಿ. ಆದರೆ ಆ ಕೊಡತಿ ಮೇಲೆದ್ದದ್ದು ದಿಲ್ಲಿಯಲ್ಲಿ ಎದ್ದ ಒಂದು ಮಸೂದೆಯ ದೆಸೆಯಿಂದ ಎಂಬುದರಲ್ಲಿ ಸುಳ್ಳಿಲ್ಲ.

ಮುನಿಶಾಮಿ ಶಿವಾಜಿನಗರದ ಮೀನು ಮಾರ್ಕೆಟ್ಟಿನ ಹಿಂದಿರುವ ಸಬ್‌ಸ್ಟೇಷನ್ನಿನಲ್ಲಿ ಲೈನ್‌ಮನ್. ಕಂಬ ಹತ್ತುವುದು, ತಂತಿ ಎಳೆಯುವುದು, ಫ್ಯೂಸ್ ಹಾಕುವುದು, ಹೊಡೆಯುವುದು, ಹೊಡೆಸಿಕೊಳ್ಳುವುದು ಅವನ ಕೆಲಸ. ಕೊನೆಯ ಎರಡಕ್ಕೆ ಕಂಪನಿ ಸಂಬಳ ಕೊಡುತ್ತಿರಲಿಲ್ಲವಾದರೂ ಅವುಗಳಿಗೆ ಅವನು ಒಂದು ದಿನವೂ ರಜೆ ಹಾಕಿದ್ದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲೇ ಕರೆಂಟು ಅವನನ್ನು ಕಂಬದಿಂದ ಕಿತ್ತು ಒಗೆದಿತ್ತು. ಬಿದ್ದದ್ದು ಕೆಳಗಿದ್ದ ಹೂವಿನ ಗಾಡಿಯ ಮೇಲೆ. ಹೂವಿನವಳು "ಅಯ್ಯೋ ಪಾಪ" ಅನ್ನಲಿಲ್ಲ. ಸೇವಂತಿಗೆ ಹಾಳಾಯಿತೆಂದು ತಕ್ಕಡಿಯಿಂದ ಅವನ ಬೆನ್ನಿಗೆ ಬಾರಿಸಿದಳು. ಮುಂದೆ ಅವಳನ್ನೇ ಮದುವೆಯಾದ. "ಬೇರೆಯವರಿಗೆ ಮದ್ವೆ ಆದ್ಮೇಲೆ ಬೀಳುತ್ತೆ, ನಂಗೆ ಅಡ್ವಾನ್ಸ್ ಬಿತ್ತು" ಎಂದು ಹೇಳಿಕೊಳ್ಳುತ್ತಿದ್ದ. ಹೆಂಡತಿ ಆಂಜನಮ್ಮ ಅದನ್ನು ಈವರೆಗೆ ಅಲ್ಲಗಳೆದಿಲ್ಲ.

ಬಿಲ್ ಕಟ್ಟದವರ ಸಂಪರ್ಕ ಕಡಿತಕ್ಕೆ ಅವನನ್ನೇ ಕಳಿಸುತ್ತಿದ್ದರು. ಕಡಿತಕ್ಕೆ ಹೋದಾಗಲೆಲ್ಲ ಕಡಿತವೇ ಆಗುತ್ತಿತ್ತು. ಕಾಕ್ಸ್ ಟೌನಿನ ಬಂಗಲೆಯೊಂದರಲ್ಲಿ ನಾಯಿ ತೊಡೆಗೆ ಕಡಿಯಿತು. ಟ್ಯಾನರಿ ರೋಡಿನಲ್ಲಿ, ನಾಯಿ ಸಾಕುವಷ್ಟು ಅನುಕೂಲವಿಲ್ಲದ ಗ್ರಾಹಕನೊಬ್ಬ ತಾನೇ ಕಡಿದ. ಮುನಿಶಾಮಿ ನಾಯಿಯನ್ನು ಬಿಟ್ಟ, ಗ್ರಾಹಕನನ್ನು ಬಿಡಲಿಲ್ಲ. ಅವನ ಕೈ ಬಾಯಿಗಿಂತ ಮುಂದು. ಮೊದಲು ಕಪಾಳಕ್ಕೆ ಬಿಟ್ಟು ಆಮೇಲೆ "ಏನಂತೆ?" ಎಂದು ಕೇಳುವುದು ಅವನ ಪದ್ಧತಿ. ಎಷ್ಟೋ ಸಲ ವಿಷಯ ಏನೂ ಇರುತ್ತಿರಲಿಲ್ಲ.

ಅವನ ಗುರು ಹಂಪಣ್ಣ ಮಾತ್ರ ಕೈ ಎತ್ತಿದವನಲ್ಲ. ಸ್ಟೇಷನ್ನಿನ ಹಳೆಯ ಲೈನ್‌ಮನ್, ಎಲೆ ಅಡಿಕೆ ಬಾಯಿಯ ಮನುಷ್ಯ, ಸಿಟ್ಟು ಬಂದರೆ ಉಗಿದು ಸುಮ್ಮನಾಗುವವನು. ಮುನಿಶಾಮಿಗೆ ಕಂಬದ ವಿದ್ಯೆ ಕಲಿಸಿದವನು ಅವನೇ. ಆ ವಿದ್ಯೆಯ ಮೊದಲ ಪಾಠ ಲೈನ್ ಕ್ಲಿಯರ್. ಲೈನ್‌ಮನ್ ಕಂಬ ಹತ್ತುವ ಮುನ್ನ ಸ್ಟೇಷನ್ನಿನಲ್ಲಿ ಕೇಳುತ್ತಾನೆ, ಆಪರೇಟರ್ ಆ ಲೈನಿನ ಬ್ರೇಕರ್ ಆಫ್ ಮಾಡುತ್ತಾನೆ. ಕ್ಲಿಯರ್ ತೆಗೆದುಕೊಂಡವನೇ ಇಳಿದು ವಾಪಸ್ ಕೊಡುವವರೆಗೆ, ಮಂತ್ರಿ ಫೋನ್ ಮಾಡಿದರೂ ಮಂತ್ರಿಯ ಹೆಂಡತಿ ಫೋನ್ ಮಾಡಿದರೂ, ಆನ್ ಮಾಡುವ ಹಾಗಿಲ್ಲ. ಮರೆಯದಿರಲೆಂದು ಬ್ರೇಕರಿನ ಹಿಡಿಗೆ 'ಲೈನಿನಲ್ಲಿ ಜನ ಇದ್ದಾರೆ' ಎಂಬ ಬೋರ್ಡು ತೂಗುಹಾಕುತ್ತಾರೆ.

ಒಂದು ಆಯುಧಪೂಜೆಯ ಮುನ್ನಾದಿನ ಹಂಪಣ್ಣ ಕಂಬದ ಮೇಲಿದ್ದ. ಕೆಳಗೆ ಸ್ಟೇಷನ್ನಿನಲ್ಲಿ ಪೂಜೆಯ ಗಡಿಬಿಡಿ. ಯಾರೋ ಪ್ಯಾನೆಲ್ ಒರೆಸಲು ಬೋರ್ಡು ತೆಗೆದರು, ಒರೆಸಿದರು, ಹಿಡಿಗೆ ಅರಿಸಿನ ಕುಂಕುಮ ಹಚ್ಚಿ ಚೆಂಡುಹೂ ಸಿಕ್ಕಿಸಿದರು. ಬೋರ್ಡು ಕಿಟಕಿಯ ಮೇಲೆ ಉಳಿಯಿತು. ಬೋರ್ಡಿಲ್ಲದ ಹಿಡಿಯನ್ನು ಕಂಡ ಆಪರೇಟರು ತಿರುಗಿಸಿದ. ಹಂಪಣ್ಣ ತಂತಿಯ ಮೇಲೆ ಒಗೆದು ಹಾಕಿದ ಬಟ್ಟೆಯ ಹಾಗೆ ಮಡಿಚಿಕೊಂಡ. ಹೊಗೆ ಬಂತು. ಕೆಳಗಿದ್ದ ಕಬಾಬಿನಂಗಡಿಯವನು ಅದು ತನ್ನ ಒಲೆಯದೆಂದು ಬೀಸಣಿಗೆ ನಿಲ್ಲಿಸಿದ.

ಹೆಣವನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಸಿದವನು ಮುನಿಶಾಮಿ. ಸ್ಟೇಷನ್ನಿಗೆ ಬಂದರೆ ಬಾಗಿಲಲ್ಲಿ ಹಂಪಣ್ಣನ ಚಪ್ಪಲಿಗಳು, ಒಡೆಯ ಈಗ ಬರುತ್ತಾನೆ ಎನ್ನುವಂತೆ ಜೋಡಿಯಾಗಿ ಕಾದಿದ್ದವು. ಅದೇ ಚಪ್ಪಲಿಯಿಂದ ಅವನು ಆಪರೇಟರನ್ನು ಹೊಡೆದ. ಮೂಗು ಒಡೆಯಿತು, ಹಲ್ಲು ಉದುರಿತು, ಪೂಜೆಗೆ ತಂದಿದ್ದ ಬೂದುಗುಂಬಳದ ಮೇಲೆ ನಿಜವಾದ ಕೆಂಪು ಬಿತ್ತು. ಬಿಡಿಸಲು ಬಂದವರಿಗೂ ಬಿತ್ತು.

ಸಸ್ಪೆಂಡ್ ಮುಗಿಸಿ ಮರಳಿದ ದಿನ ಅವನೊಂದು ಹೊಸ ಪದ್ಧತಿ ಸಾರಿದ.

"ಬೋರ್ಡು ಎಲ್ಲರ್ದು. ಎಲ್ಲರ್ದು ಅಂದ್ರೆ ಯಾರ್ದೂ ಅಲ್ಲ. ಚಪ್ಪಲಿ ಒಬ್ಬನ್ದೇ. ಕಂಬ ಹತ್ತೋನು ಬೂಟು ಹಾಕ್ಕೊಂಡು, ಬಿಟ್ಟ ಚಪ್ಪಲೀಲಿ ಒಂದನ್ನ ಬ್ರೇಕರ್ ಹಿಡಿಗೆ ಕಟ್ಬೇಕು. ಇಳಿದ್ಮೇಲೆ ಅವನೇ ಬಂದು ಬಿಚ್ಚಿ, ಕಾಲಿಗೆ ಹಾಕ್ಕೊಂಡು, ಬಾಯ್ಬಿಟ್ಟು ಹೇಳ್ಬೇಕು. ಆಮೇಲೆ ಕರೆಂಟು."

"ಪೂಜೆ ಮಾಡೋ ಪ್ಯಾನೆಲ್ಲಿಗೆ ಚಪ್ಪಲೀನಾ?" ಎಂದು ಒಬ್ಬ ಇಂಜಿನಿಯರ್ ಆಕ್ಷೇಪಿಸಿದರು. ಮುನಿಶಾಮಿ ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡ. ಆಕ್ಷೇಪಣೆ ಬಗೆಹರಿಯಿತು. ಯಾವ ನಿಯಮಾವಳಿಯಲ್ಲೂ ಇಲ್ಲದ ಈ ಕಟ್ಟಳೆ ಆ ಒಂದು ಸ್ಟೇಷನ್ನಿನಲ್ಲಿ ಮಾತ್ರ ನಡೆದುಬಂತು. ಆಮೇಲೆ ಅಲ್ಲಿ ಯಾರೂ ಕಂಬದ ಮೇಲೆ ಸಾಯಲಿಲ್ಲ.

ಸಲ್ಮಾನ್ ಬಂದದ್ದು ಬಹಳ ವರ್ಷಗಳ ನಂತರ. ಅಷ್ಟರಲ್ಲಿ ಕಂಪನಿ ಖಾಯಂ ಲೈನ್‌ಮನ್ನರನ್ನು ತೆಗೆದುಕೊಳ್ಳುವುದನ್ನೇ ಬಿಟ್ಟು, ಕಂಬ ಹತ್ತಲು ಏಜೆನ್ಸಿಯವರಿಂದ ಜನರನ್ನು ಬಾಡಿಗೆಗೆ ತರಿಸುತ್ತಿತ್ತು, ಮದುವೆಗೆ ಕುರ್ಚಿ ತರಿಸಿದ ಹಾಗೆ. ಸಲ್ಮಾನ್ ಮೂವತ್ತು ದಾಟಿದ ಗಂಡಸು, ಶಿವಾಜಿನಗರದಲ್ಲೇ ಹುಟ್ಟಿದವನು, ಮನೆಯಲ್ಲಿ ಹೆಂಡತಿ ಸಿದ್ರಾ ಮತ್ತು ನಡೆಯಲು ಕಲಿಯುತ್ತಿರುವ ಮಗಳು. ಮುನಿಶಾಮಿ ಅವನಿಗೆ ಕಂಬ ಕಲಿಸಿದ, ಬೈದ, ತಲೆಗೆ ಮೊಟಕಿದ, ತನ್ನ ಟಿಫನ್ ಡಬ್ಬಿಯಲ್ಲಿ ಅರ್ಧ ಕೊಟ್ಟ. ಸಲ್ಮಾನನ ನೀಲಿ ಹವಾಯಿ ಚಪ್ಪಲಿಯ ಉಂಗುಷ್ಟ ಕಿತ್ತುಹೋದಾಗ ಕೆಂಪು ವೈರು ಸುತ್ತಿ ಬಿಗಿದುಕೊಟ್ಟವನೂ ಅವನೇ. "ಹೊಸ್ದು ತಗೊಳ್ಳೋ ಬೇವರ್ಸಿ" ಅಂದರೆ ಸಲ್ಮಾನ್, "ಖಾಯಂ ಆದ್ಮೇಲೆ, ಉಸ್ತಾದ್" ಅನ್ನುತ್ತಿದ್ದ.

ದಿಲ್ಲಿಯಲ್ಲಿ ವಿದ್ಯುತ್ ಕಾಯ್ದೆಯನ್ನು ತಿದ್ದುವ ಮಾತು ಹೊಸದಲ್ಲ. ಕರಡು ಬರುತ್ತದೆ, ಗಲಾಟೆಯಾಗುತ್ತದೆ, ಒಳಗೆ ಹೋಗುತ್ತದೆ, ಕೆಲವು ವರ್ಷ ಬಿಟ್ಟು ಕ್ಷೌರ ಮಾಡಿಸಿಕೊಂಡು ಮತ್ತೆ ಬರುತ್ತದೆ. ಈ ಸಲ ಬಂದದ್ದರ ತಿರುಳು ಇಷ್ಟು: ಒಂದೇ ಊರಿನಲ್ಲಿ, ಅದೇ ಕಂಬ ಅದೇ ತಂತಿಯ ಮೇಲೆ, ಬೇರೆ ಬೇರೆ ಕಂಪನಿಗಳು ಕರೆಂಟು ಮಾರಬಹುದು. ಗ್ರಾಹಕ ತನಗೆ ಬೇಕಾದವರಿಂದ ಕೊಳ್ಳಬಹುದು, ಫೋನಿಗೆ ಸಿಮ್ ಬದಲಾಯಿಸಿದ ಹಾಗೆ. ಇದು ಸುಧಾರಣೆ ಎಂದು ಟೀವಿಯಲ್ಲಿ ಟೈ ಕಟ್ಟಿದವರು ಹೇಳಿದರು. ಟೈ ಬದಲು ಕಂಬಕ್ಕೆ ಹಗ್ಗ ಕಟ್ಟುವವರು ಬೇರೆ ಹೇಳಿದರು.

"ಕಂಬ ನಮ್ದು, ತಂತಿ ನಮ್ದು, ಶಾಕು ನಮ್ದು, ಬಿಲ್ಲು ಮಾತ್ರ ಅವರ್ದಂತೆ!" ಎಂದು ಮುನಿಶಾಮಿ ಸಂಘದ ಸಭೆಯಲ್ಲಿ ಮೇಜು ಗುದ್ದಿದ. "ಇಂದಿರಾನಗರದ ಏಸಿ ಮನೆಗಳನ್ನೆಲ್ಲ ಅವರು ಆರಿಸ್ಕೊಂಡು ಹೋಗ್ತಾರೆ. ಕಡಿಯೋ ಗಿರಾಕಿಗಳನ್ನ ನಮಗೆ ಬಿಡ್ತಾರೆ. ಆಮೇಲೆ ನಷ್ಟ ಅಂತ ಹೇಳಿ ನಮ್ಮನ್ನೂ ಬಾಡಿಗೆ ಆಳು ಮಾಡ್ತಾರೆ."

ದೇಶವೆಲ್ಲ ಒಂದು ದಿನ ಮುಷ್ಕರ ಎಂದು ನಿರ್ಧಾರವಾಯಿತು. ಶಿವಾಜಿನಗರದ ಗೇಟು ಮುನಿಶಾಮಿಯ ಪಾಲಿಗೆ ಬಂತು. ಹಿಂದಿನ ಸಂಜೆ ಅವನು ಸಲ್ಮಾನನನ್ನು ಅಬ್ರಾರನ ಐಸ್ ಡಿಪೋದ ಮುಂದೆ ಹಿಡಿದ. ಅಬ್ರಾರ್ ಮಾರ್ಕೆಟ್ಟಿನ ಮೀನಿಗೆಲ್ಲ ಐಸ್ ಕೊಡುವವನು, ಇಬ್ಬರಿಗೂ ಸ್ನೇಹಿತ, ಸಂಜೆಯ ಟೀ ಅವನ ಜಗಲಿಯಲ್ಲೇ.

"ನಾಳೆ ನೀನೂ ಗೇಟಲ್ಲಿ ಕೂತ್ಕೋಬೇಕು."

"ಕೂತ್ರೆ ನಾಡಿದ್ದು ಮನೇಲಿ ಕೂರಿಸ್ತಾರೆ, ಉಸ್ತಾದ್. ಏಜೆನ್ಸಿಯವ್ರು ಮೆಸೇಜ್ ಹಾಕಿದ್ದಾರೆ."

"ಕಾಯ್ದೆ ಬಂದ್ರೆ ಎಲ್ಲಾರ್ದೂ ಹೋಗುತ್ತೆ ಕಣೋ!"

"ನಿಮ್ ಪೆನ್ಷನ್ ಹೋಗುತ್ತೆ, ಕ್ವಾರ್ಟರ್ಸ್ ಹೋಗುತ್ತೆ. ನಂದೇನಿದೆ ಹೋಗೋಕೆ? ಹೊಸ ಕಂಪನಿ ಬಂದ್ರೆ ಅವನಿಗೂ ಕಂಬ ಹತ್ತೋವ್ನು ಬೇಕಲ್ವಾ? ಅವನಾದ್ರೂ ಖಾಯಂ ಮಾಡ್ತಾನೇನೋ, ಕ್ಯಾ ಮಾಲೂಮ್."

ಮುನಿಶಾಮಿಗೆ ಉತ್ತರ ಹೊಳೆಯಲಿಲ್ಲ. ಹೊಳೆಯದಾಗ ಕೈ ಹೊಳೆಯುತ್ತಿತ್ತು. ಸಲ್ಮಾನನ ಕೆನ್ನೆ ಚಟಾರೆಂದಿತು.

"ನಾಳೆ ಕಂಬ ಹತ್ತಿದೋನು ಯಾರೇ ಆಗ್ಲಿ, ಕಾಲು ಮುರೀತೀನಿ. ಅಬ್ರಾರ್, ನೀನೇ ಸಾಕ್ಷಿ."

"ನನ್ ಐಸ್ ಕರಗಿದ್ರೆ ನಿನ್ ಕಾಲು ನಾನ್ ಮುರೀತೀನಿ, ಅದಕ್ಕೂ ಸಾಕ್ಷಿ ಇರ್ಲಿ" ಎಂದ ಅಬ್ರಾರ್, ಅರ್ಧ ನಗುತ್ತ. ಸಲ್ಮಾನ್ ಕೆನ್ನೆ ಉಜ್ಜಿಕೊಂಡು, ಟೀ ಕುಡಿಯದೆ ಹೋದ.

ಮುಷ್ಕರದ ಬೆಳಿಗ್ಗೆ ಮಾರ್ಕೆಟ್ಟಿನ ಲೈನು ತಾನಾಗಿಯೇ ಕೆಟ್ಟಿತು. ಹಿಂದಿನ ಬೀದಿಯ ಕೊನೆಯ ಕಂಬದಲ್ಲಿ ತಂತಿಗೆ ತಂತಿ ಕೂಡಿಸುವ ಜಂಪರ್ ಸುಟ್ಟಿತ್ತು. ಏಜೆನ್ಸಿ ಸಲ್ಮಾನನಿಗೆ ಫೋನ್ ಮಾಡಿತು. ಆಗಿನ್ನೂ ಮುಷ್ಕರದವರು ಬಂದಿರಲಿಲ್ಲ. ಬೆಳಗಿನ ಪಾಳಿಯ ಆಪರೇಟರ್ ಭಾಗ್ಯಲಕ್ಷ್ಮಿ ಅವನಿಗೆ ಲೈನ್ ಕ್ಲಿಯರ್ ಕೊಟ್ಟಳು. ಅವನು ಬೂಟು ಹಾಕಿಕೊಂಡು, ನೀಲಿ ಚಪ್ಪಲಿಯೊಂದನ್ನು ಹಿಡಿಗೆ ಕಟ್ಟಿ, ಹಿಂದಿನ ಬಾಗಿಲಿನಿಂದ ಹೋದ. ಅಕಸ್ಮಾತ್ ಕರೆಂಟು ಬಂದರೂ ಅದನ್ನು ನೆಲಕ್ಕಿಳಿಸಲು ತಂತಿಗೆ ಹಾಕುವ ಅರ್ಥಿಂಗ್ ರಾಡು ಅವನ ಬಳಿ ಇರಲಿಲ್ಲ. ಏಜೆನ್ಸಿ ಅದನ್ನು ಎರಡು ವರ್ಷದಿಂದ 'ಮುಂದಿನ ವಾರ' ಕೊಡುತ್ತಿತ್ತು.

ಭಾಗ್ಯಲಕ್ಷ್ಮಿ ಸಂಘದವಳೇ. ಮುಷ್ಕರದ ಹೊತ್ತಿಗೆ ಸರಿಯಾಗಿ ಲೈನ್ ಕ್ಲಿಯರ್ ಬರೆದಿಡುವ ಪುಸ್ತಕಗಳನ್ನು ಬೀರುವಿಗೆ ಹಾಕಿ, ಅದಕ್ಕೆ ಬೀಗ ಜಡಿದು, ಗೇಟಿಗೆ ಬಂದು ಕೂತಳು. ಸಲ್ಮಾನ್ ಮೇಲಿದ್ದಾನೆಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ಮುನಿಶಾಮಣ್ಣ ಓಡಿಹೋಗಿ ಅವನ ಕಾಲು ಮುರಿಯುತ್ತಾನೆಂಬ ಹೆದರಿಕೆ. ಹಿಡಿಯಲ್ಲಿ ಚಪ್ಪಲಿ ಇದೆ, ಅದೇ ನೋಡಿಕೊಳ್ಳುತ್ತದೆ ಎಂಬ ಧೈರ್ಯ.

ಅವಳ ಕುರ್ಚಿಗೆ ಏಜೆನ್ಸಿ ದೊಡ್ಡನೆಕ್ಕುಂದಿಯ ತನ್ನ ಆಫೀಸಿನಿಂದ ನಿತೀಶ್ ಎಂಬವನನ್ನು ಕಳಿಸಿತ್ತು. ಅವನು ಈ ಸ್ಟೇಷನ್ನಿನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಪ್ಯಾನೆಲ್ಲಿನಲ್ಲಿ ತೂಗುತ್ತಿದ್ದ ಚಪ್ಪಲಿಯನ್ನು ನೋಡಿದ. ಲಾರಿಗೆ ದೃಷ್ಟಿಯಾಗದಿರಲೆಂದು ಹಿಂದೆ ಕಟ್ಟುತ್ತಾರಲ್ಲ, ಅಂಥದ್ದೇ ಏನೋ ಎಂದುಕೊಂಡು ಫೋನು ತೆಗೆದ.

ಹೊರಗೆ ಸಂಘದ ಕೆ.ಆರ್. ಪುರದ ಶಾಖೆಯಿಂದ ಸಂಜೀವಪ್ಪ ಲಾರಿ ತುಂಬ ಜನರನ್ನು, ಜೊತೆಗೆ ಮಸೂದೆಯ ಪ್ರತಿಕೃತಿಯನ್ನು ತಂದಿಳಿಸಿದ. ಮಸೂದೆಗೆ ಪಂಚೆ ಉಡಿಸಬೇಕೋ ಪ್ಯಾಂಟೋ ಎಂಬ ಚರ್ಚೆ ದಾರಿಯಲ್ಲೇ ಮುಗಿದು, ಪ್ಯಾಂಟು ತೊಡಿಸಿ, ದಪ್ಪ ಮೀಸೆ ಬರೆದಿದ್ದರು. ಒಳಗೆ ಹುಲ್ಲು. ಕೊರಳಿಗೆ ಚಪ್ಪಲಿ ಹಾರ ಆಗಬೇಕು. ಆದರೆ ಟಾರು ಕಾದಿದ್ದರಿಂದ ಕಾಲಲ್ಲಿದ್ದದ್ದನ್ನು ಬಿಚ್ಚಿಕೊಡಲು ಯಾವ ಹೋರಾಟಗಾರನೂ ಮುಂದೆ ಬರಲಿಲ್ಲ.

"ಒಳಗೆ ಸ್ಟೇಷನ್ ಬಾಗಿಲಲ್ಲಿ ಹಳೇವು ಬೇಕಾದಷ್ಟು ಬಿದ್ದಿವೆ, ಬಾಚ್ಕೊಂಡು ಬಾ ಹೋಗು" ಎಂದು ಮುನಿಶಾಮಿಯೇ ಸಂಜೀವಪ್ಪನನ್ನು ಅಟ್ಟಿದ.

ಸಂಜೀವಪ್ಪ ಬಾಗಿಲಲ್ಲಿದ್ದವನ್ನು ಬಾಚಿದ. ಅವರ ಸ್ಟೇಷನ್ನಿನಲ್ಲಿ ಬೀಗ ಹಾಕುವ ತಗಡಿನ ಬೋರ್ಡು. ಚಪ್ಪಲಿಯ ಕಟ್ಟಳೆ ಅವನಿಗೇನು ಗೊತ್ತು? ಹಿಡಿಯಲ್ಲಿ ಇನ್ನೊಂದು ತೂಗುತ್ತಿದ್ದದ್ದನ್ನು ಕಂಡು ಅದನ್ನೂ ಬಿಚ್ಚಿಕೊಂಡ. ನಿತೀಶ್ ಕತ್ತೆತ್ತಿ, ಒಳ್ಳೆಯದೇ ಆಯಿತು ಎಂಬಂತೆ ಮತ್ತೆ ಫೋನಿಗೆ ಬಗ್ಗಿದ.

ಬಿಸಿಲು ಇನ್ನೂ ಏರಿತು. ಮಾರ್ಕೆಟ್ಟಿನಲ್ಲಿ ಕರೆಂಟಿಲ್ಲ. ಮುಷ್ಕರದವರೇ ಲೈನು ತೆಗೆದಿದ್ದಾರೆಂಬ ಮಾತು ಅಂಗಡಿಯಿಂದ ಅಂಗಡಿಗೆ ಹಾರಿತು. ಮುನಿಶಾಮಿ ಮೈಕಿನಲ್ಲಿ "ಇವತ್ತು ಯಾರೂ ಕಂಬ ಹತ್ತಲ್ಲ! ಹತ್ತಿದೋನು ಇಳಿಯಲ್ಲ!" ಎಂದು ಕೂಗುತ್ತಿದ್ದದ್ದು ಆ ಮಾತಿಗೆ ಮುದ್ರೆ ಒತ್ತಿತು. ಐಸ್ ಕರಗಿ ಕೆಂಪು ನೀರು ಚರಂಡಿಗೆ ಇಳಿಯಿತು, ಮೀನು ನಾರಿತು. ಅಬ್ರಾರ್ ಕೊಡತಿ ಹಿಡಿದು ಹೊರಟ. ಅವನ ಹಿಂದೆ ಮೀನಿನವರು, ಕೋಳಿಯವರು, ಜೆರಾಕ್ಸಿನವರು, ಸುಮ್ಮನೆ ನೋಡಲು ಬಂದವರು. ಅವರು ಮುಂದಿನ ಗೇಟಿಗೆ ಬರಲಿಲ್ಲ. ಹಿಂದಿನ ಬಾಗಿಲಿನಿಂದ ನುಗ್ಗಿದರು.

ಅದೇ ಹೊತ್ತಿಗೆ ಮುಂದೆ ಮಸೂದೆಗೆ ಬೆಂಕಿ ಇಟ್ಟರು. ಪ್ಯಾಂಟು ಹೊತ್ತಿತು. ಜೈಕಾರ ಎದ್ದಿತು. ಮುನಿಶಾಮಿಯೂ ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಹಾರದ ನಡುವೆ ಒಂದು ನೀಲಿ ಚಪ್ಪಲಿ. ಉಂಗುಷ್ಟಕ್ಕೆ ಸುತ್ತಿದ ಕೆಂಪು ವೈರು.

ಅವನು ಬೆಂಕಿಗೆ ಕೈ ಹಾಕಿ ಹಾರವನ್ನು ಹರಿದ. ಅಂಗೈ ಸುಟ್ಟು ವಾಸನೆ ಬಂತು. ಅರ್ಧ ಕರಗಿದ ಚಪ್ಪಲಿಯನ್ನು ಎತ್ತಿ ಹಿಡಿದು ಕಿರುಚಿದ.

"ಇದನ್ನ ಎಲ್ಲಿಂದ ತಂದೆ?"

ಪ್ರಶ್ನೆಗೆ ಮೊದಲೇ ಸಂಜೀವಪ್ಪನ ಕಪಾಳಕ್ಕೆ ಬಿದ್ದಿತ್ತು. ಅವನ ಕನ್ನಡಕ ಬೆಂಕಿಗೆ ಹಾರಿತು.

"ನೀನೇ ಅಲ್ವೇನಯ್ಯ ತಗೊಂಡ್ಬಾ ಅಂದಿದ್ದು! ಅಲ್ಲಿ ಹಿಡೀಲಿ ನೇತಾಕಿದ್ರು..."

ಭಾಗ್ಯಲಕ್ಷ್ಮಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. "ಅಣ್ಣಾ, ಸಲ್ಮಾನ್ ಮೇಲಿದ್ದಾನೆ. ಹಿಂದಿನ ಬೀದಿ ಕಂಬ. ಬೆಳಗ್ಗೆ ನಾನೇ ಕ್ಲಿಯರ್ ಕೊಟ್ಟೆ. ಹೇಳಿದ್ರೆ ನೀವು ಅವನ ಕಾಲು..."

"ಗಾಡಿ ತೆಗಿ! ಇಬ್ರೂ ಹೋಗಿ, ಅವನನ್ನ ಇಳ್ಸಿ!" ಎಂದು ಸಂಜೀವಪ್ಪನನ್ನು ನೂಕಿ ಮುನಿಶಾಮಿ ಒಳಗೆ ಓಡಿದ. ಭಾಗ್ಯಲಕ್ಷ್ಮಿ ಸಂಜೀವಪ್ಪನ ಬೈಕು ಹತ್ತಿ ಸಲ್ಮಾನನಿಗೆ ಫೋನ್ ಒತ್ತಿದಳು. ಅದು ರಿಂಗಾಗುತ್ತಲೇ ಇತ್ತು. ಕಂಬದ ಮೇಲೆ ಫೋನ್ ಎತ್ತಿದರೆ ಹಲ್ಲು ಉದುರಿಸುತ್ತೇನೆಂದು ಅವನಿಗೆ ಕಲಿಸಿದವನು ಮುನಿಶಾಮಿಯೇ.

ಪ್ಯಾನೆಲ್ ಕೋಣೆಯಲ್ಲಿ ಅಬ್ರಾರ್ ನಿತೀಶನ ಕಾಲರು ಹಿಡಿದಿದ್ದ. ನಿತೀಶನ ತುಟಿ ಒಡೆದಿತ್ತು. ಅವನ ಕೈ ಮಾರ್ಕೆಟ್ ಲೈನಿನ ಹಿಡಿಯ ಮೇಲಿತ್ತು.

ಮುನಿಶಾಮಿ ತಲೆಯಿಂದಲೇ ಗುದ್ದಿದ. ನಿತೀಶ್ ಮೇಜಿನ ಆಚೆ ಉರುಳಿದ. ಮುನಿಶಾಮಿ ಹಿಡಿಯ ಮೇಲೆ ಎದೆ ಒತ್ತಿ ನಿಂತು, ಎರಡೂ ತೋಳುಗಳಿಂದ ಪ್ಯಾನೆಲ್ಲನ್ನು ಅಪ್ಪಿಕೊಂಡ. ಚಪ್ಪಲಿ ಅವನ ಎದೆಗೂ ಕಬ್ಬಿಣಕ್ಕೂ ನಡುವೆ ಸಿಕ್ಕಿಕೊಂಡಿತು.

"ಮೇಲೆ ಆಳಿದ್ದಾನೆ! ಲೈನ್ ಹಾಕ್ಬೇಡಿ!"

"ಆಳಾ?" ಯಾರೋ ನಕ್ಕರು. "ಇವತ್ತು ಯಾರೂ ಕಂಬ ಹತ್ತಲ್ಲ ಅಂತ ಬೆಳಗ್ಗೆಯಿಂದ ಮೈಕಲ್ಲಿ ಬಡ್ಕೊಂಡೋನು ನೀನೇ ತಾನೆ!"

"ಸುಳ್ಳು ಹೇಳ್ತಾವ್ನೆ, ಎಳೀರೋ!"

ಎಳೆದರು. ಬರಲಿಲ್ಲ. ಒದ್ದರು. ಕುರ್ಚಿಯೊಂದು ಅವನ ಬೆನ್ನಿನ ಮೇಲೆ ಬಿದ್ದು ಎರಡಾಯಿತು. ಸಂಘದ ಬಾವುಟದ ಕೋಲನ್ನೇ ಕಿತ್ತುಕೊಂಡು ಯಾರೋ ಪಕ್ಕೆಗೆ ತಿವಿದರು. ಕಿವಿಯಿಂದ ರಕ್ತ ಇಳಿದು ಕುತ್ತಿಗೆಯಲ್ಲಿ ಬಿಸಿಯಾಯಿತು. ಗೇಟಿನಲ್ಲಿ ಪೊಲೀಸರು ಬಂದು ಲಾಠಿ ಚಾರ್ಜು ಶುರು ಮಾಡಿದ್ದರು; ಬಡಿತ, ಓಟ, ಕಿರುಚಾಟ ಕೇಳುತ್ತಿತ್ತು. ಹೊರಗೆ ಎಷ್ಟು ಬೇಕಾದರೂ ಚಾರ್ಜಾಗಲಿ, ಒಳಗೆ ಲೈನು ಚಾರ್ಜಾಗಬಾರದು.

ಜೀವಮಾನವಿಡೀ ಹೊಡೆದವನಿಗೆ ಈಗ ತಿರುಗಿ ಒಂದು ಬಿಡುವ ಹಾಗಿರಲಿಲ್ಲ. ಬಿಡಬೇಕೆಂದರೆ ಕೈ ಬೇಕು, ಕೈ ತೆಗೆದರೆ ಹಿಡಿ ಹೋಗುತ್ತದೆ. ಬಲಗಡೆ ನಿಂತು ಗುದ್ದುತ್ತಿದ್ದವನ ಮೂಗು ಎಷ್ಟು ಹತ್ತಿರವಿತ್ತೆಂದರೆ ಮುನಿಶಾಮಿಗೆ ಬಾಯಲ್ಲಿ ನೀರೂರಿತು. ಕಣ್ಣು ಮುಚ್ಚಿಕೊಂಡ. ಮುಚ್ಚಿದ ಕಣ್ಣಿನಲ್ಲಿ ಸಲ್ಮಾನ್ ಕಂಡ. ಎರಡೂ ಕೈಯಲ್ಲಿ ತಂತಿ ಹಿಡಿದು, ಬಾಯಲ್ಲಿ ಸ್ಪ್ಯಾನರ್ ಕಚ್ಚಿ, ಹಾಡು ಗುನುಗುತ್ತ. ಆಮೇಲೆ ಹಂಪಣ್ಣ ಕಂಡ, ಮಡಿಚಿಕೊಂಡಿದ್ದ. ಕಣ್ಣು ತೆರೆದ.

"ಅಬ್ರಾರ್, ಆಳಿದ್ದಾನೆ ಕಣೋ!"

"ಪೂರಾ ಮಾಲು ಹೋಯ್ತು ನಂದು! ಕೈ ತೆಗಿ ಮುನಿಶಾಮಿ. ತೆಗಿ ಅಂದೆ. ತೆಗೆಯಲ್ವಾ?"

ಕೊಡತಿ ಎದ್ದು ಬಿತ್ತು. ಮೊಣಕೈಯ ಕೆಳಗೆ ಐಸ್ ಗಡ್ಡೆ ಸೀಳಿದಂಥದೇ ಸದ್ದಾಯಿತು. ಆ ಸದ್ದನ್ನು ದಿನವೂ ಕೇಳುವ ಅಬ್ರಾರನೇ ಬೆಚ್ಚಿದ. ಮುನಿಶಾಮಿಯ ಬಲಗೈ ಪ್ಯಾನೆಲ್ಲಿನಿಂದ ಜಾರಿ ನೇತಾಡಿತು. ಅವನು ಕಿರುಚಲಿಲ್ಲ; ಕಿರುಚಲು 'ಅ' ಅನ್ನುವಷ್ಟು ಗಾಳಿಯೂ ಒಳಗಿರಲಿಲ್ಲ. ಎಡಗೈ ಒಂದರಿಂದ ಎದೆಯ ಕೆಳಗಿನ ಚಪ್ಪಲಿಯನ್ನು ಎಳೆದು, ತಡಕಾಡಿ, ಅದರ ವೈರನ್ನು ಹಿಡಿಗೆ ಸಿಕ್ಕಿಸಿದ.

"ಇದು ಯಾರ್ದು ನೋಡು" ಎಂದ. "ಹಂಪಣ್ಣ ಹೋದ್ಮೇಲೆ ಇಲ್ಲಿ ಯಾಕೆ ಚಪ್ಪಲಿ ಕಟ್ತೀವಿ ಅಂತ ನಿಂಗೆ ಹೇಳಿದ್ದೀನಿ. ಯಾರ್ದು ಅಂತ ನೋಡು. ಆಮೇಲೆ ಹೊಡಿ."

ಅಬ್ರಾರ್ ನೋಡಿದ. ಅರ್ಧ ಸುಟ್ಟಿದ್ದರೂ ನೀಲಿ ನೀಲಿಯೇ, ಕೆಂಪು ವೈರು ಕೆಂಪೇ. ಪ್ರತಿ ಸಂಜೆ ಅವನ ಡಿಪೋದ ಜಗಲಿಯ ಕೆಳಗೆ ಬಿಡುತ್ತಿದ್ದ ಚಪ್ಪಲಿ, ಅದರ ವೈರನ್ನು ಕಂಡು "ಇದಕ್ಕೂ ಮೀಟರ್ ಇದೆಯಾ?" ಎಂದು ಅವನೇ ಎಷ್ಟು ಸಲ ಕಿಚಾಯಿಸಿದ್ದ.

"ಯಾ ಅಲ್ಲಾ. ಸಲ್ಮಾನ್!"

ಅವನು ತಿರುಗಿದ. ಮುನಿಶಾಮಿಗೆ ಬೆನ್ನು ಕೊಟ್ಟು, ಕೊಡತಿಯನ್ನು ಎರಡೂ ಕೈಯಲ್ಲಿ ಎತ್ತಿ ನಿಂತ.

"ಹಿಂದೆ ಹೋಗ್ರೋ! ಸಚ್ ಮೇ ಆದಮಿ ಹೈ ಊಪರ್! ಮುಂದೆ ಬಂದೋನ ತಲೆ ಒಡೀತೀನಿ!"

ಏಟು ಕೊಡುವುದು ಗುಂಪಿಗೆ ರೂಢಿಯಾಗಿಬಿಟ್ಟಿತ್ತು, ಕಾರಣ ಬದಲಾದದ್ದು ಗೊತ್ತಾಗಲಿಲ್ಲ. ಅಬ್ರಾರನಿಗೂ ಬಿತ್ತು. ಯಾರೋ ಎಸೆದ ಸ್ಟೂಲು ಅವನ ಹುಬ್ಬನ್ನು ಸೀಳಿತು. ಅವನೂ ಒಬ್ಬನ ಮೊಣಕಾಲಿಗೆ ಕೊಡತಿ ಇಳಿಸಿದ. ನಿತೀಶ್ ಮೇಜಿನಡಿಯಿಂದ ಬಂದು, ತನಗೆ ಏನೂ ಅರ್ಥವಾಗದಿದ್ದರೂ, ಮುನಿಶಾಮಿಯ ಸೊಂಟವನ್ನು ಪ್ಯಾನೆಲ್ಲಿಗೆ ಒತ್ತಿ ಹಿಡಿದ. ತಾನು ಆ ಹಿಡಿ ತಿರುಗಿಸಿದ್ದರೆ ಏನಾಗುತ್ತಿತ್ತು ಎಂಬುದು ಅವನಿಗೆ ಆಗ ನಿಧಾನವಾಗಿ ಇಳಿಯುತ್ತಿತ್ತು.

ಎಷ್ಟು ಹೊತ್ತೋ. ಬಾಗಿಲಲ್ಲಿ ಭಾಗ್ಯಲಕ್ಷ್ಮಿಯ ದನಿ ಕೇಳಿತು. "ಬಿಡ್ರೋ ದಾರಿ! ಬಂದಾ!"

ಸಲ್ಮಾನ್ ಬಂದ. ಬೂಟು, ಸೊಂಟದ ಬೆಲ್ಟು, ಬೆವರು, ಕೈತುಂಬ ಕರಿ. ಕಂಬದ ಮೇಲಿದ್ದ ಆಳು ಕಣ್ಣೆದುರು ನಿಂತದ್ದನ್ನು ಕಂಡು ಗುಂಪು ಮೆಲ್ಲಗೆ ಕೈ ಇಳಿಸಿತು. ಕೆಲವರು ಕೈಯಲ್ಲಿದ್ದ ಕುರ್ಚಿಯ ಕಾಲನ್ನು ಅದು ಯಾರದೋ ಎಂಬಂತೆ ಗೋಡೆಗೆ ಒರಗಿಸಿದರು.

"ಉಸ್ತಾದ್... ಯೇ ಕ್ಯಾ ಹೋಗಯಾ..."

ಮುನಿಶಾಮಿಯ ಒಂದು ಕಣ್ಣು ಊದಿ ಮುಚ್ಚಿತ್ತು. ಇನ್ನೊಂದರಿಂದ ನೋಡಿದ. ಎಡಗೈ ಹಿಡಿಯನ್ನು ಬಿಟ್ಟಿರಲಿಲ್ಲ.

"ಯಾರು ಮಾತಾಡೋದು?"

ಸಲ್ಮಾನ್ ಪ್ರತಿ ಸಲದ ಹಾಗೆ ನೆಟ್ಟಗೆ ನಿಂತು ಹೇಳಿದ. "ಸಲ್ಮಾನ್. ಮಾರ್ಕೆಟ್ ಲೈನು. ಕೆಲಸ ಮುಗೀತು. ನಾನು ಇಳಿದಿದ್ದೀನಿ, ಸಾಮಾನು ಇಳಿದಿದೆ, ಲೈನಲ್ಲಿ ಯಾರೂ ಇಲ್ಲ. ಕ್ಲಿಯರ್ ವಾಪಸ್."

"ಚಪ್ಪಲಿ."

"ಮೊದ್ಲು ಆಸ್ಪತ್ರೆಗೆ ಹೋಗಣ, ಉಸ್ತಾದ್."

"ಚಪ್ಪಲಿ ಬಿಚ್ಕೊಳ್ಳೋ."

ಸಲ್ಮಾನ್ ಬೂಟು ಕಳಚಿದ. ಹಿಡಿಯಿಂದ ವೈರು ಬಿಡಿಸಿ, ಹಿಮ್ಮಡಿಯ ಕಡೆ ಕರಗಿಹೋಗಿದ್ದ ಚಪ್ಪಲಿಗೆ ಬೆರಳು ತೂರಿಸಿದ. ಹಿಮ್ಮಡಿ ನೆಲದ ಮೇಲೆಯೇ ಉಳಿಯಿತು. ಮುನಿಶಾಮಿ ಬಗ್ಗಿ ನೋಡಿದ, ಬೆರಳು ಉಂಗುಷ್ಟದೊಳಗೆ ಹೋಗಿದೆಯೋ ಎಂದು. ಆಮೇಲೆ ಎಡಗೈ ತೆಗೆದ.

"ಹಾಕಪ್ಪ" ಎಂದ, ನಿತೀಶನಿಗೆ.

ಹಿಡಿ ತಿರುಗಿತು. ಮಾರ್ಕೆಟ್ಟಿನ ಕಡೆಯಿಂದ ನೂರಾರು ಬಾಯಿಗಳು "ಬಂತೂ!" ಎಂದು ಕೂಗಿದವು. ಕೋಣೆಯಲ್ಲಿದ್ದವರೂ, ರಕ್ತದ ಮೇಲೆ ಕಾಲಿಡದಂತೆ ಜಾಗ ನೋಡಿ ನೋಡಿ ಹೆಜ್ಜೆಯಿಡುತ್ತ, ತಂತಮ್ಮ ಅಂಗಡಿಗೆ ಹೊರಟರು. ಅಬ್ರಾರ್ ಮಾತ್ರ ಹೋಗಲಿಲ್ಲ. ಕೊಡತಿಯನ್ನು ತೊಡೆಯ ಮೇಲಿಟ್ಟುಕೊಂಡು, ಹುಬ್ಬಿನ ರಕ್ತ ಒರೆಸದೆ ಮೂಲೆಯಲ್ಲಿ ಕುಸಿದು ಕೂತ.

ಮುಂದೆ ಕಂಪನಿ ಮುನಿಶಾಮಿಗೆ ವಿದ್ಯುತ್ ಸರಬರಾಜಿಗೆ ಅಡ್ಡಿ ಮಾಡಿದ್ದಕ್ಕೆ ನೋಟಿಸು ಕೊಟ್ಟಿತು. ಮುಷ್ಕರದ ದಿನ ಸ್ಟೇಷನ್ನಿನ ಒಳಗೆ ಹೋಗಿ ಪ್ಯಾನೆಲ್ ಮುಟ್ಟಿದ್ದಕ್ಕೆ ಸಂಘವೂ ಕೊಟ್ಟಿತು. ಎರಡಕ್ಕೂ ಅವನು ಎಡಗೈಯಲ್ಲಿ ಸಹಿ ಹಾಕಿದ. ಮಸೂದೆ ಇನ್ನೂ ದಿಲ್ಲಿಯಲ್ಲೇ ಇದೆ, ಬರುತ್ತದೆಂದು ಕೆಲವರೂ ಬರುವುದಿಲ್ಲವೆಂದು ಕೆಲವರೂ ಕಾಯುತ್ತಿದ್ದಾರೆ. ಅದೆಲ್ಲ ಆಮೇಲಿನ ಮಾತು. ಆಗ ಆ ಕೋಣೆಯಲ್ಲಿ ಫ್ಯಾನು ತಿರುಗತೊಡಗಿತ್ತು, ಮುನಿಶಾಮಿ ಪ್ಯಾನೆಲ್ಲಿಗೆ ಒರಗಿ ನೆಲಕ್ಕೆ ಜಾರಿದ್ದ, ಸಲ್ಮಾನ್ ಅವನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅಳುತ್ತಿದ್ದ.

"ಕಾಲು ಮುರೀತೀನಿ ಅಂದಿದ್ರಿ, ಉಸ್ತಾದ್" ಎಂದ ಅವನು, ಏನು ಹೇಳಬೇಕೋ ತಿಳಿಯದೆ.

"ಅಂದಿದ್ದೆ. ನಿಂತ್ಕೊ."

ಸಲ್ಮಾನ್ ನಿಂತ. ಒಂದು ಕೈ ಮುರಿದು ಇನ್ನೊಂದು ಸೋತಿದ್ದ ಮುನಿಶಾಮಿ, ಕೂತಲ್ಲಿಂದಲೇ ಬಲಗಾಲನ್ನು ಹಿಂದಕ್ಕೆಳೆದು, ಉಳಿದಿದ್ದ ಶಕ್ತಿಯನ್ನೆಲ್ಲ ಸೇರಿಸಿ ಅವನ ಮೊಣಕಾಲ ಕೆಳಗೆ ಒದ್ದ. "ಅಮ್ಮಾ!" ಎಂದು ಸಲ್ಮಾನ್ ಒಂಟಿಕಾಲಿನಲ್ಲಿ ಕುಣಿದ. ಸುಟ್ಟ ಚಪ್ಪಲಿ ಹಾರಿ ಮೇಜಿನ ಕೆಳಗೆ ಬಿತ್ತು.

"ಮುರೀತಾ?"

"ಇಲ್ಲ, ಉಸ್ತಾದ್."

"ಹಾಗಾದ್ರೆ ಎತ್ತು ನನ್ನ."